ಬಾವಿಯಲ್ಲಿ ಕರಿಗಲ್ಲಿನ ನಡುವೆ ಕೆಂಪು ಪದರ: ಇಲ್ಲಿ ಕೆರೆ ಇತ್ತಾ, ಸಮುದ್ರ ಇತ್ತಾ?

ಉಮದಿ_ಎರಿಹೊಲ
ನಮ್ಮದು ಜತ್ತ ತಾಲೂಕು, ಉಮದಿ ಕಡೆ. ಹಳೇ ಬಾವಿಯನ್ನು ಈ ಬೇಸಿಗೆಯಲ್ಲಿ ಇನ್ನಷ್ಟು ಆಳಕ್ಕೆ ತೆಗೆಸುತ್ತಿದ್ದೇವೆ. ಮೇಲೆ ಎರಿ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗಟ್ಟಿ ಕರಿಗಲ್ಲು. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಕರಿಗಲ್ಲು ಒಡೆದು ಕೆಳಗೆ ಹೋದ ಮೇಲೆ ಒಂದು ಕೆಂಪು ಪದರ ಬಂತು. ಮೊಣಕಾಲುದ್ದ ದಪ್ಪ ಇರಬಹುದು. ಬಾವಿಯ ನಾಲ್ಕೂ ಕಡೆ ಒಂದೇ ಮಟ್ಟದಲ್ಲಿದೆ. ಅದರ ಕೆಳಗೆ ಮತ್ತೆ ಕಲ್ಲು. ಆದರೆ ಆ ಕಲ್ಲು ಮೇಲಿನದರ ಹಾಗಿಲ್ಲ, ತೂತು ತೂತು. ತೂತಿನೊಳಗೆ ಬಿಳಿ ಹರಳು.

ಈ ಕೆಂಪು ಮಣ್ಣು ಕಂಡು ಕೆಲಸದವರು ‘ಗೇರು ಬಂತು’ ಅಂದರು, ಅಷ್ಟೇ. ತಂಗಿಯ ಶಾಲೆ ಪುಸ್ತಕದಲ್ಲಿ ಪದರ ಪದರವಾಗಿ ಇರುವುದು ಕಣಶಿಲೆ, ನೀರಿನಲ್ಲಿ ಮಣ್ಣು ಮರಳು ಕೂತು ಆದದ್ದು ಅಂತ ಇದೆ. ಹಾಗಾದರೆ ನಮ್ಮ ಬರಗಾಲದ ಜತ್ತದಲ್ಲಿ ಒಂದು ಕಾಲಕ್ಕೆ ಕೆರೆ ಇತ್ತಾ? ಸಮುದ್ರ ಇತ್ತಾ? ಅದಕ್ಕಿಂತ ಮುಖ್ಯ ಪ್ರಶ್ನೆ ಇನ್ನೊಂದು. ಇದರ ಕೆಳಗೆ ನೀರು ಸಿಗುತ್ತಾ, ಇಲ್ಲೇ ನಿಲ್ಲಿಸಬೇಕಾ?

ಬೋರ್‌ಗಾಡಿ
ಮೊದಲು ನೀರಿನ ಮಾತು ಹೇಳುತ್ತೇನೆ, ಸಮುದ್ರದ ಮಾತು ಬಲ್ಲವರು ಹೇಳಲಿ. ಗೇರು ಸಿಕ್ಕರೆ ಗಾಬರಿ ಬೇಡ, ನಮ್ಮ ಭಾಗದಲ್ಲಿ ಬಹಳ ಕಡೆ ಸಿಗುತ್ತದೆ. ಗೇರಿನಲ್ಲೇ ನೀರು ಇರುವುದಿಲ್ಲ. ಅದು ಜಿಗುಟು ಮಣ್ಣು, ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ನೀರು ಬಂದರೆ ಅದರ ಮೇಲಿನ ಕಲ್ಲಿನ ಸಂದಿಯಿಂದ ಸೋರಬೇಕು, ಇಲ್ಲವೇ ಕೆಳಗಿನ ತೂತಿನ ಕಲ್ಲಿನಲ್ಲಿ ಸಿಗಬೇಕು. ತೂತು ಕಲ್ಲು ಒಡೆದಿದ್ದರೆ, ಸ್ವಲ್ಪ ಕೊಳೆತಂತಿದ್ದರೆ ಅದು ಒಳ್ಳೆಯ ಲಕ್ಷಣ. ಇನ್ನಷ್ಟು ಇಳಿಸಿ ನೋಡಿ ಅಣ್ಣಾ.

ಒಂದೇ ಎಚ್ಚರಿಕೆ. ಗೇರು ಗಾಳಿ ನೀರು ತಾಗಿದ ಮೇಲೆ ಉದುರುತ್ತದೆ. ಮೇಲಿನ ಗಟ್ಟಿ ಕಲ್ಲಿಗೆ ಕೆಳಗೆ ಆಸರೆಯೇ ಇಲ್ಲದಂತಾಗುತ್ತದೆ. ಬಾವಿಯಾದರೆ ಅಷ್ಟು ಭಾಗಕ್ಕೆ ಕಲ್ಲು ಕಟ್ಟಿಸಿ. ಬೋರ್ ಆದರೆ ಗೇರು ದಾಟುವ ತನಕ ಕೇಸಿಂಗ್ ಇಳಿಸಲೇಬೇಕು. ಪೈಪಿನ ದುಡ್ಡು ಉಳಿಸಲು ಹೋದವರ ಮೋಟರ್ ಕೆಸರಿನಲ್ಲಿ ಹೂತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕಲ್ಲುಪಾಠ
ನಾನು ಸೊಲ್ಲಾಪುರದಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಬೋರ್‌ಗಾಡಿಯವರು ಹೇಳಿದ್ದು ಪೂರ್ತಿ ಸರಿ. ಈಗ ಕೆರೆ ಸಮುದ್ರದ ಪ್ರಶ್ನೆಗೆ ಬರೋಣ.

ನಿಮ್ಮ ಬಾವಿಯ ಮೇಲಿನ ಕರಿಗಲ್ಲು ಒಂದು ಲಾವಾ ಪ್ರವಾಹ. ಕೆಳಗಿನ ತೂತು ಕಲ್ಲು ಅದಕ್ಕಿಂತ ಮೊದಲು ಬಂದ ಇನ್ನೊಂದು ಲಾವಾ ಪ್ರವಾಹದ ನೆತ್ತಿ. ಎರಡೂ ಬಸಾಲ್ಟ್, ಅಂದರೆ ಲಾವಾ ಆರಿ ಆದ ಕರಿಗಲ್ಲು. ಲಾವಾ ಹರಿದು ನಿಂತಾಗ ಒಳಗಿನ ಅನಿಲ ಗುಳ್ಳೆಯಾಗಿ ಮೇಲೇರುತ್ತದೆ, ಹೊರಗೆ ಹೋಗುವಷ್ಟರಲ್ಲಿ ಕಲ್ಲು ಹೆಪ್ಪುಗಟ್ಟುತ್ತದೆ. ಅದಕ್ಕೇ ಪ್ರತಿ ಪ್ರವಾಹದ ನೆತ್ತಿ ತೂತು ತೂತು, ನಡುಭಾಗ ಗಟ್ಟಿ. ಆಮೇಲೆ ನೆಲದೊಳಗಿನ ನೀರು ಆ ತೂತುಗಳಲ್ಲಿ ಹರಳು ಬೆಳೆಸುತ್ತದೆ. ಬಿಳಿ ಹರಳು ಜಿಯೋಲೈಟ್ ಇರಬಹುದು, ಕ್ಯಾಲ್ಸೈಟ್ ಅಥವಾ ಬೆಣಚು ಇರಬಹುದು. ಪುಣೆ, ನಾಸಿಕ, ಜಳಗಾಂವ ಕಡೆಯ ಇಂಥ ಜಿಯೋಲೈಟ್ ಹರಳುಗಳು ಜಗತ್ತಿನ ಎಷ್ಟೋ ಮ್ಯೂಸಿಯಂಗಳಲ್ಲಿವೆ.

ನಡುವಿನ ಕೆಂಪು ಪದರಕ್ಕೆ ಭೂವಿಜ್ಞಾನದಲ್ಲಿ ‘ಬೋಲ್’ ಅಂತಾರೆ. ಒಂದು ಲಾವಾ ಬಂದು ಆರಿತು. ಮುಂದಿನ ಲಾವಾ ಬರಲು ತಡವಾಯಿತು. ಆ ನಡುವಿನ ಕಾಲದಲ್ಲಿ ಮಳೆ ಬಿಸಿಲಿಗೆ ಕಲ್ಲಿನ ನೆತ್ತಿ ಕೊಳೆತು ಮಣ್ಣಾಯಿತು. ದೂರದಲ್ಲಿ ಸಿಡಿದ ಜ್ವಾಲಾಮುಖಿಯ ಬೂದಿಯೂ ಅದರ ಮೇಲೆ ಬಿದ್ದಿರಬಹುದು. ಆಮೇಲೆ ಸಾವಿರ ಡಿಗ್ರಿ ದಾಟಿದ ಹೊಸ ಲಾವಾ ಅದರ ಮೇಲೆ ಹರಿಯಿತು. ಭಟ್ಟಿಯಲ್ಲಿ ಇಟ್ಟಿಗೆ ಸುಟ್ಟ ಹಾಗೆ ಮಣ್ಣು ಸುಟ್ಟು ಕೆಂಪಾಯಿತು. ಅಂದರೆ ನಿಮ್ಮ ಬಾವಿಯಲ್ಲಿ ಕಂಡದ್ದು ಬಹುಪಾಲು ಹಳೇ ನೆಲ. ಕೆರೆಯ ತಳ ಅಲ್ಲ.

ಸುಮ್ನೆ_ಕೇಳ್ತೀನಿ
ಮೇಡಂ, ಇದು ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಜತ್ತದ ಸುತ್ತ ಎಲ್ಲಿದೆ ಜ್ವಾಲಾಮುಖಿ? ಒಂದು ಬೆಟ್ಟ ತೋರಿಸಿ, ಮೇಲೆ ಬಾಯಿ ಇರುವುದು. ಪದರ ಇದ್ದರೆ ಕಣಶಿಲೆ ಅಂತ ನಾವೆಲ್ಲ ಓದಿದ್ದು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೀವಿ.

ಕಲ್ಲುಪಾಠ
ಬಾಯಿ ಇರುವ ಬೆಟ್ಟವನ್ನೇ ಹುಡುಕಿದರೆ ಸಿಗುವುದಿಲ್ಲ. ದಖ್ಖನಿನ ಲಾವಾ ಬಹುಮಟ್ಟಿಗೆ ನೆಲದ ಉದ್ದನೆಯ ಬಿರುಕುಗಳಿಂದ ಬಂದದ್ದು. ಬಿರುಕಿನೊಳಗೇ ಆರಿ ಉಳಿದ ಲಾವಾ ಇವತ್ತು ಗೋಡೆಯ ಹಾಗೆ ನಿಂತಿರುವುದನ್ನು ನಾಸಿಕ–ಪುಣೆ ಭಾಗದಲ್ಲಿ, ಧುಳೆ–ನಂದುರಬಾರದಲ್ಲಿ, ಕೊಂಕಣದ ಕರಾವಳಿಯಲ್ಲಿ ನೋಡಬಹುದು. ಅಂಥ ಗೋಡೆಗಳಿಗೆ ಡೈಕ್ ಎನ್ನುತ್ತಾರೆ. ಮನುಷ್ಯರು ಕಣ್ಣಾರೆ ಕಂಡ ಇಂಥ ದೊಡ್ಡ ಸ್ಫೋಟಗಳಲ್ಲಿ ಒಂದು 1783ರಲ್ಲಿ ಐಸ್‌ಲ್ಯಾಂಡಿನ ಲಾಕಿಯದು. ಸುಮಾರು 27 ಕಿಲೋಮೀಟರ್ ಉದ್ದದ ಬಿರುಕು, ಎಂಟು ತಿಂಗಳು ಲಾವಾ. ನಮ್ಮ ದಖ್ಖನಿನ ದೊಡ್ಡ ಪ್ರವಾಹಗಳ ಮುಂದೆ ಅದು ಏನೂ ಅಲ್ಲ. ಆಂಧ್ರದ ರಾಜಮಹೇಂದ್ರವರಂ ಹತ್ತಿರ ಇದೇ ಬಸಾಲ್ಟ್ ಇದೆ. ಪಶ್ಚಿಮ ಘಟ್ಟದ ಕಡೆಯಿಂದ ಸುಮಾರು ಸಾವಿರ ಕಿಲೋಮೀಟರ್ ಹರಿದು ಅಲ್ಲಿಗೆ ಮುಟ್ಟಿತು ಎಂಬುದು ಈಗ ಹೆಚ್ಚಿನವರ ಅಭಿಪ್ರಾಯ.

ಇನ್ನು ಪದರದ ಮಾತು. ಪದರ ಇದ್ದ ಮಾತ್ರಕ್ಕೆ ಕಣಶಿಲೆ ಆಗುವುದಿಲ್ಲ. ಲಾವಾ ಒಂದರ ಮೇಲೊಂದು ಹರಿದರೂ ಪದರವೇ. ಕಲ್ಲು ಯಾವುದರಿಂದ ಆಯಿತು ಎಂದು ಕೇಳಬೇಕು. ಮರಳು, ಕೆಸರು, ಚಿಪ್ಪು ಕೂತು ಆಗಿದ್ದರೆ ಕಣಶಿಲೆ. ಕರಗಿದ್ದು ಆರಿ ಆಗಿದ್ದರೆ ಅಗ್ನಿಶಿಲೆ.

ಶಹಾಬಾದಿ_ಫರಸಿ
ಅಕ್ಕಾ, ನಾನು ದಕ್ಷಿಣ ಸೊಲ್ಲಾಪುರದವ, ದುಡಿಯುವುದು ಶಹಾಬಾದ ಕಡೆ ಕಲ್ಲಿನ ಖಣಿಯಲ್ಲಿ. ಕಣಶಿಲೆ ನೋಡಬೇಕು ಅನ್ನುವವರು ರೈಲು ಹತ್ತಿ ವಾಡಿ ಕಡೆ ಬನ್ನಿ. ಕಲಬುರಗಿ ತನಕ ಎಲ್ಲ ಎರಿ ಹೊಲ, ಕೆಳಗೆ ಕರಿಗಲ್ಲು. ಶಹಾಬಾದ ಬಂದರೆ ಕಲ್ಲೇ ಬೇರೆ. ಉಳಿ ಇಟ್ಟು ಹೊಡೆದರೆ ಹಲಗೆ ಹಲಗೆಯಾಗಿ ಏಳುತ್ತದೆ. ನಮ್ಮ ಮನೆಗಳಿಗೆ ಹಾಸಿದ ಫರಸಿ ಅದೇ. ಕರಿಗಲ್ಲಿಗೆ ಹಾಗೆ ಉಳಿ ಇಟ್ಟು ನೋಡಿ, ಉಳಿಯೇ ಹೋಗುತ್ತದೆ.

ಸುಮ್ನೆ_ಕೇಳ್ತೀನಿ
ಹಾಗಾದರೆ ಆ ಶಹಾಬಾದ್ ಕಲ್ಲು ಈ ಕರಿಗಲ್ಲಿನ ಪಕ್ಕದಲ್ಲಿದೆಯೋ, ಮೇಲಿದೆಯೋ, ಕೆಳಗಿದೆಯೋ?

ಕಲ್ಲುಪಾಠ
ಕೆಳಗೆ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಎಲ್ಲಕ್ಕಿಂತ ತಳದಲ್ಲಿ ಗ್ರಾನೈಟ್ ಮತ್ತು ನೈಸ್ ಜಾತಿಯ ಬಹಳ ಹಳೇ ಕಲ್ಲು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನದು. ಆ ತಳ ಕೆಲವು ಕಡೆ ಕುಸಿದು ತಗ್ಗಾಯಿತು, ಅಲ್ಲಿ ಸಮುದ್ರ ನುಗ್ಗಿತು, ಮರಳು, ಕೆಸರು, ಸುಣ್ಣ ಕೂತವು. ಬಾಗಲಕೋಟೆ, ಬಾದಾಮಿ, ಗೋಕಾಕ ಭಾಗದ ತಗ್ಗಿಗೆ ಕಲಾದಗಿ ಎಂಬ ಹೆಸರು. ಶಹಾಬಾದ, ಸೇಡಂ, ವಾಡಿ ಭಾಗದ್ದಕ್ಕೆ ಭೀಮಾ ಎಂಬ ಹೆಸರು. ಸಿಮೆಂಟು ಕಾರ್ಖಾನೆಗಳೆಲ್ಲ ಅಲ್ಲಿ ಗುಂಪು ಸೇರಿರುವುದು ಆ ಸುಣ್ಣಕಲ್ಲಿಗೇ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭಾ ಧುಮುಕುವುದು ಕಲಾದಗಿಯ ಗಟ್ಟಿ ಮರಳುಗಲ್ಲಿನ ಮೇಲಿಂದ. ಶಂಖ ಚಿಪ್ಪಿನ ಪ್ರಾಣಿಗಳು ಹುಟ್ಟುವುದಕ್ಕೂ ಮೊದಲಿನ ಕಲ್ಲುಗಳಿವು. ಅದಕ್ಕೇ ಫರಸಿಯಲ್ಲಿ ಎಷ್ಟು ಹುಡುಕಿದರೂ ಶಂಖ ಸಿಗದು.

ಆಮೇಲೆ ಕೋಟಿಗಟ್ಟಲೆ ವರ್ಷ ನಮ್ಮ ಕಡೆ ಹೆಚ್ಚೇನೂ ಕೂರಲಿಲ್ಲ. ಕೂತದ್ದೂ ಸವೆದು ಹೋಯಿತು. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಲಾವಾ ಬಂತು. ಕಂಡ ಕಂಡ ತಗ್ಗು, ಹೊಳೆ, ಬಯಲು ಎಲ್ಲ ತುಂಬಿಸಿ ಮುಚ್ಚಿತು. ಭೀಮಾ ತಗ್ಗಿನ ಸುಣ್ಣಕಲ್ಲು ವಾಯವ್ಯಕ್ಕೆ, ಅಂದರೆ ನಮ್ಮ ಕಡೆಗೆ, ಲಾವಾದ ಅಡಿಯಲ್ಲಿ ಮುಂದುವರಿಯುತ್ತದೆ. ಎಲ್ಲಿಯ ತನಕ ಎಂಬುದು ಮೇಲಿಂದ ಕಾಣುವುದಿಲ್ಲ. ಆದ್ದರಿಂದ ಉಮದಿಯವರ ಬಾವಿಯ ಕೆಳಗೆ ಬಹಳ ಆಳದಲ್ಲಿ ನಿಜವಾದ ಕಣಶಿಲೆ ಇದ್ದರೂ ಇರಬಹುದು. ಈಗ ಕಂಡ ಕೆಂಪು ಪದರ ಮಾತ್ರ ಅದಲ್ಲ.

ಅರಸರ ಕಟ್ಟಡಗಳಲ್ಲೂ ಈ ಗಡಿ ಕಾಣುತ್ತದೆ. ಬಾದಾಮಿ ಚಾಲುಕ್ಯರು ಮರಳುಗಲ್ಲು ಕೊರೆದರು. ವಿಜಯಪುರದ ಆದಿಲ್‌ಶಾಹಿಗಳು ಗೋಳಗುಮ್ಮಟವನ್ನು ಕರಿ ಬಸಾಲ್ಟಿನಲ್ಲಿ ಕಟ್ಟಿದರು. ಕೈಗೆ ಸಿಕ್ಕ ಕಲ್ಲು ಯಾವುದೋ ಅದು.

ಮಂಗಳವೇಢೆ_ಜೋಳ
ಅಕ್ಕ, ನಾನು ಬಿಎಸ್ಸಿ ಎರಡನೇ ವರ್ಷ. ನಮ್ಮ ಮಂಗಳವೇಢೆಯ ಹೊಲದಲ್ಲಿ ಎರಿ ಮಣ್ಣಿನ ಕೆಳಗೆ ಬಿಳಿ ಬಿಳಿ ಹರಳಿನ ಪದರ ಇದೆ. ಲಿಂಬೆ ರಸ ಬಿಟ್ಟರೆ ನೊರೆ ಬರುತ್ತದೆ. ಅದು ಸುಣ್ಣಕಲ್ಲು ತಾನೇ? ಅಂದರೆ ಕಣಶಿಲೆ ಲಾವಾದ ಮೇಲೂ ಇದೆ ಅಂತಾಯ್ತಲ್ವಾ?

ಕಲ್ಲುಪಾಠ
ನೊರೆ ಬಂದರೆ ಸುಣ್ಣದ ಅಂಶ ಇದೆ ಅಂತ ಮಾತ್ರ ಅರ್ಥ. ನೀನು ಹೇಳಿದ್ದು ಕಂಕರ. ಬಸಾಲ್ಟ್ ಕೊಳೆತಾಗ ಅದರಲ್ಲಿನ ಕ್ಯಾಲ್ಸಿಯಂ ನೀರಿನಲ್ಲಿ ಇಳಿಯುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ಆ ನೀರು ಆರಿ ಮಣ್ಣಿನೊಳಗೇ ಸುಣ್ಣದ ಗಂಟು ಕಟ್ಟುತ್ತದೆ. ಇವತ್ತೂ ಕಟ್ಟುತ್ತಿದೆ. ಶಹಾಬಾದಿನ ಸುಣ್ಣಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ತೂತು ಕಲ್ಲಿನೊಳಗಿನ ಕ್ಯಾಲ್ಸೈಟ್ ಹರಳಿಗೆ ಆಸಿಡ್ ಬಿಟ್ಟರೂ ನೊರೆ ಬರುತ್ತದೆ. ಅದೊಂದು ಪರೀಕ್ಷೆಯನ್ನೇ ನಂಬಬಾರದು.

ಉಮದಿ_ಎರಿಹೊಲ
ಹಾಗಾದರೆ ಲಾವಾದ ನಡುವೆ ಬಂದ ಪದರ ಹಳೇ ನೆಲವೋ, ನಿಜವಾದ ಕೆರೆಯ ತಳವೋ ಅಂತ ಬಾವಿಯಲ್ಲಿ ನಿಂತು ಗುರುತು ಹಿಡಿಯುವುದು ಹೇಗೆ ಮೇಡಂ?

ಕಲ್ಲುಪಾಠ
ಒಳ್ಳೆ ಪ್ರಶ್ನೆ ಕೇಳಿದಿರಿ. ಪದರದ ಮೇಲಂಚು, ಕೆಳಅಂಚು ಎರಡನ್ನೂ ನೋಡಿ. ಹಳೇ ನೆಲವಾದರೆ ಮೇಲಂಚು ಚೂಪಾಗಿರುತ್ತದೆ. ಕೆಂಪು ಮುಗಿಯಿತು, ಕರಿ ಶುರುವಾಯಿತು. ಮೇಲಂಚಿನ ಕೆಂಪು ಇನ್ನೂ ಗಾಢ, ಇನ್ನೂ ಗಟ್ಟಿ. ಕೆಳಅಂಚು ಹಾಗಲ್ಲ. ಕೆಂಪು ನಿಧಾನಕ್ಕೆ ಕಂದಾಗಿ, ಕೊಳೆತ ತೂತು ಕಲ್ಲಿನೊಳಗೆ ಬೆರೆತು ಹೋಗುತ್ತದೆ. ಯಾಕೆಂದರೆ ಆ ಮಣ್ಣು ಹುಟ್ಟಿದ್ದು ಆ ಕಲ್ಲಿನಿಂದಲೇ.

ಕೆರೆಯ ತಳವಾದರೆ ಎರಡೂ ಅಂಚು ಬಹುಮಟ್ಟಿಗೆ ಚೂಪು. ಒಳಗೆ ಇನ್ನೂ ಸಣ್ಣ ಸಣ್ಣ ಪದರಗಳು ಕಾಣಬೇಕು. ಕೆಸರು, ಮರಳು, ಸುಣ್ಣ, ಬೂದು ಅಥವಾ ಬಿಳಿ ಚರ್ಟ್ ಎಂಬ ಗಾಜಿನಂತೆ ಒಡೆಯುವ ಕಲ್ಲು ಇರಬಹುದು. ಅದೃಷ್ಟವಿದ್ದರೆ ಶಂಖವೂ ಸಿಗುತ್ತದೆ. ಫೈಸಾ ಎಂಬ ಸಿಹಿನೀರಿನ ಶಂಖ ಇಂಥ ಪದರಗಳಲ್ಲಿ ಬಹಳ. ಲಾವಾಗಳ ನಡುವಿನ ಇಂಥ ಕೆರೆ ಪದರಗಳಿಗೆ ಇಂಟರ್‌ಟ್ರ್ಯಾಪ್ ಪದರ ಎನ್ನುತ್ತಾರೆ. ಮುಂಬೈಯ ವರಳಿಯಲ್ಲಿ ಅಂಥ ಪದರದಿಂದ ಸಣ್ಣ ಕಪ್ಪೆಗಳ ಎಲುಬಿನ ಅಚ್ಚುಗಳು ಸಿಕ್ಕಿವೆ. ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯ ಮೋಹಗಾಂವ ಕಲಾನದಲ್ಲಿ ಕಲ್ಲಾದ ತಾಳೆ ಜಾತಿಯ ಗಿಡಗಳು ಸಿಕ್ಕಿವೆ. ಅವುಗಳನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ಜೀವಕೋಶದ ಗೆರೆ ಕೂಡ ಕಾಣುತ್ತದೆ. ಲಖನೌದ ಬೀರಬಲ್ ಸಾಹನಿ ಇಂಥ ಗಿಡಗಳ ಮೇಲೆ ಬಹಳ ಕೆಲಸ ಮಾಡಿದರು. ನಮಗೆ ಹತ್ತಿರದ್ದು ಯಾದಗಿರಿ ಜಿಲ್ಲೆಯ ಗುರುಮಠಕಲ್. ಅಲ್ಲಿನ ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪಿನ ಹುಳಗಳೂ ಕೆರೆಯ ಪಾಚಿಯ ಬೀಜದಂಥ ಭಾಗಗಳೂ ಸಿಕ್ಕಿವೆ. ಒಂದು ಲಾವಾಕ್ಕೂ ಇನ್ನೊಂದಕ್ಕೂ ನಡುವೆ ಅಲ್ಲಿ ಕೆರೆ ತುಂಬಿತ್ತು, ಜೀವ ಇತ್ತು ಎಂಬುದಕ್ಕೆ ಅದು ಸಾಕ್ಷಿ.

ಅಂದಹಾಗೆ ಸಮುದ್ರದ ಪ್ರಶ್ನೆ ಉಳಿಯಿತು. ರಾಜಮಹೇಂದ್ರವರಂ ಹತ್ತಿರದ ಇಂಟರ್‌ಟ್ರ್ಯಾಪಿನಲ್ಲಿ ಸಮುದ್ರದ, ಅಳಿವೆಯ ಚಿಪ್ಪುಗಳಿವೆ. ಅಲ್ಲಿ ಲಾವಾ ಕಡಲ ದಂಡೆ ಮುಟ್ಟಿತ್ತು. ಜತ್ತದಲ್ಲಿ ಆಗ ಸಮುದ್ರ ಇರಲಿಲ್ಲ, ಇದು ಒಳನಾಡು.

ಗಡಹಿಂಗ್ಲಜ_ಕಬ್ಬು
ಉಡುಪಿಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬದ ಕಲ್ಲು ಇದೆಯಲ್ಲ, ಅದೂ ಇದೇ ಲಾವಾ ತಾನೇ? ನಮ್ಮ ಕೊಲ್ಲಾಪುರ ಜಿಲ್ಲೆಯಲ್ಲಿ ಪನ್ಹಾಳದ ಹತ್ತಿರ ಬಾಂದಿವಡೆಯಲ್ಲೂ ಅಂಥದ್ದೇ ಇದೆ.

ಕಲ್ಲುಪಾಠ
ಆಕಾರ ಒಂದೇ, ಹುಟ್ಟು ಬೇರೆ. ಲಾವಾ ಆರುವಾಗ ಕುಗ್ಗಿ ಬಿರಿದು ಐದು ಆರು ಮೂಲೆಯ ಕಂಬವಾಗುತ್ತದೆ. ಬಾಂದಿವಡೆಯದು, ಮುಂಬೈ ಅಂಧೇರಿಯ ಗಿಲ್ಬರ್ಟ್ ಹಿಲ್ ಎರಡೂ ದಖ್ಖನಿನವು. ಸೇಂಟ್ ಮೇರೀಸ್ ಇವಕ್ಕಿಂತ ಎರಡು ಕೋಟಿ ವರ್ಷದಷ್ಟು ಹಳೆಯದು. ಭಾರತ ಮಡಗಾಸ್ಕರಿನಿಂದ ಬೇರೆಯಾದ ಕಾಲದ್ದು. ಕಲ್ಲೂ ಬಸಾಲ್ಟ್ ಅಲ್ಲ, ಸಿಲಿಕಾ ಜಾಸ್ತಿ ಇರುವ ಬೇರೆ ಜಾತಿ.

ಸುಮ್ನೆ_ಕೇಳ್ತೀನಿ
ಸರಿ, ಲಾವಾ ಅಂತ ಒಪ್ಪೋಣ. ಆದರೆ ಇಷ್ಟೊಂದು ಲಾವಾ ಆ ಕಾಲಕ್ಕೆ, ಈ ಜಾಗಕ್ಕೇ ಯಾಕೆ ಬಂತು? ಮತ್ತೆ 6 ಕೋಟಿ 60 ಲಕ್ಷ ಅಂತ ಅಷ್ಟು ಖಚಿತವಾಗಿ ಹೇಳೋಕೆ ಯಾರು ನೋಡಿದ್ದರು?

ಕಲ್ಲುಪಾಠ
ನೀವು ಬಿಡುವವರಲ್ಲ, ಅಲ್ವಾ! ಇರಲಿ, ಕೇಳಬೇಕಾದ್ದೇ ಕೇಳಿದ್ದೀರಿ.

‘ಈ ಜಾಗ’ ಆಗ ಈ ಜಾಗದಲ್ಲಿ ಇರಲಿಲ್ಲ. ಭಾರತ ಆಗ ಏಷ್ಯಾಕ್ಕೆ ಅಂಟಿರಲಿಲ್ಲ. ಗೊಂಡವಾನಾ ಎಂಬ ದೊಡ್ಡ ಖಂಡದಿಂದ ಕಿತ್ತುಕೊಂಡು, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರನ್ನೂ ಬಿಟ್ಟು, ಒಂಟಿಯಾಗಿ ಉತ್ತರಕ್ಕೆ ಸರಿಯುತ್ತಿತ್ತು. ಲಾವಾ ಬಂದಾಗ ನಮ್ಮ ಸೊಲ್ಲಾಪುರ, ಸಾಂಗಲಿ ಎಲ್ಲ ಭೂಮಧ್ಯರೇಖೆಯ ದಕ್ಷಿಣಕ್ಕಿದ್ದವು. ಇದನ್ನು ಕಂಡುಹಿಡಿದದ್ದೂ ಇದೇ ಕರಿಗಲ್ಲಿನಿಂದ. ಲಾವಾ ಆರುವಾಗ ಅದರಲ್ಲಿನ ಕಬ್ಬಿಣದ ಕಣಗಳು ಆ ಹೊತ್ತಿನ ಭೂಕಾಂತದ ದಿಕ್ಕಿಗೆ ಮುಖ ಮಾಡಿ ನಿಂತುಬಿಡುತ್ತವೆ. ಆ ದಿಕ್ಕು ನೆಲಕ್ಕೆ ಎಷ್ಟು ಓರೆಯಾಗಿದೆ ಎಂದು ಅಳೆದರೆ ಆಗ ಆ ಜಾಗ ಯಾವ ಅಕ್ಷಾಂಶದಲ್ಲಿತ್ತು ಎಂದು ತಿಳಿಯುತ್ತದೆ. 1950ರ ದಶಕದಲ್ಲೇ ದಖ್ಖನಿನ ಕಲ್ಲುಗಳನ್ನು ಹೀಗೆ ಅಳೆದಿದ್ದರು. ಖಂಡಗಳು ಸರಿಯುತ್ತವೆ ಎಂಬುದನ್ನು ಇನ್ನೂ ಬಹಳ ಜನ ನಂಬದೇ ಇದ್ದ ಕಾಲ ಅದು. ಇನ್ನೊಂದು ಸೋಜಿಗ ಏನೆಂದರೆ ಘಟ್ಟದ ಲಾವಾದಲ್ಲಿ ದೊಡ್ಡ ಪಾಲು ಭೂಕಾಂತ ಉಲ್ಟಾ ಇದ್ದಾಗ ಬಂದದ್ದು. ಆಗ ದಿಕ್ಸೂಚಿ ಇದ್ದಿದ್ದರೆ ಅದರ ಮುಳ್ಳು ದಕ್ಷಿಣ ತೋರಿಸುತ್ತಿತ್ತು.

ಲಾವಾ ಎಲ್ಲಿಂದ? ಭೂಮಿಯ ಆಳದಿಂದ ಬಿಸಿ ಮೇಲೇರುವ ಒಂದು ತಾಣ ಇದೆ. ಇವತ್ತು ಅದರ ಮೇಲೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ ಇದೆ, ಅಲ್ಲಿನ ಜ್ವಾಲಾಮುಖಿ ಈಗಲೂ ಕಾರುತ್ತದೆ. ಭಾರತದ ಭೂಫಲಕ ಆ ತಾಣದ ಮೇಲೆ ಹಾಯುವಾಗ ದಖ್ಖನಿನ ಲಾವಾ ಬಂತು. ಫಲಕ ಮುಂದೆ ಸರಿಯಿತು, ತಾಣ ಅಲ್ಲೇ ಉಳಿಯಿತು. ನಡುವಿನ ದಾರಿಯಲ್ಲಿ ಉಳಿದ ಸಾಲೇ ಲಕ್ಷದ್ವೀಪ, ಮಾಲ್ಡೀವ್ಸ್, ಛಾಗೋಸ್. ಅವುಗಳ ಮೇಲೆ ಹವಳ ಬೆಳೆದಿದೆ, ಅಡಿಯಲ್ಲಿ ಇರುವುದು ಜ್ವಾಲಾಮುಖಿಯ ಕಲ್ಲು. ಲಾವಾ ನಿಲ್ಲುವ ಹೊತ್ತಿಗೆ ಸೇಶೆಲ್ಸ್ ತುಂಡೂ ಪಶ್ಚಿಮದಲ್ಲಿ ಕಳಚಿಕೊಂಡಿತು. ಪಶ್ಚಿಮ ಘಟ್ಟದ ಕಡಿದಾದ ಗೋಡೆ ಈ ಒಡಕಿನ ನಂತರದ ಕಥೆ. ಒಡೆದ ಅಂಚು ಎತ್ತರವಾಗಿ ಉಳಿಯಿತು, ನೆಲ ಪೂರ್ವಕ್ಕೆ ಇಳಿಜಾರಾಯಿತು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬಿ ಸಮುದ್ರ ಅಷ್ಟು ಹತ್ತಿರ. ಆದರೂ ಅವಳು ನಮ್ಮ ಕಡೆ ಬರುತ್ತಾಳೆ.

ಇನ್ನು ವಯಸ್ಸು. ಇದಕ್ಕೆ ಉತ್ತರ ಉಮದಿಯವರ ಟ್ರಾಲಿಯಲ್ಲಿ ಹೊರಗೆ ಹೋಗುತ್ತಿರುವ ಗೇರಿನಂಥ ಮಣ್ಣಿನಲ್ಲೇ ಸಿಕ್ಕಿತು. ಬಸಾಲ್ಟಿನಲ್ಲಿ ಜಿರ್ಕಾನ್ ಎಂಬ ಹರಳು ಸಿಗುವುದು ಅಪರೂಪ. ಆದರೆ ದೂರದಿಂದ ಹಾರಿ ಬಂದ ಜ್ವಾಲಾಮುಖಿ ಬೂದಿಯಲ್ಲಿ ಇರುತ್ತದೆ. ಆ ಬೂದಿ ಬಿದ್ದು ಉಳಿಯುವುದು ಲಾವಾ ನಿಂತ ವಿರಾಮದಲ್ಲಿ, ಅಂದರೆ ಕೆಂಪು ಪದರದಲ್ಲಿ. ಜಿರ್ಕಾನಿನಲ್ಲಿ ಸ್ವಲ್ಪ ಯುರೇನಿಯಂ ಇರುತ್ತದೆ. ಅದು ಗೊತ್ತಾದ ವೇಗದಲ್ಲಿ ಸೀಸವಾಗುತ್ತದೆ. ಎರಡರ ಪ್ರಮಾಣ ಅಳೆದರೆ ವಯಸ್ಸು ಸಿಗುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ತಂಡದವರು ಪಶ್ಚಿಮ ಘಟ್ಟದ ಕೆಂಪು ಪದರಗಳಿಂದ ಇಂಥ ಜಿರ್ಕಾನ್ ಹೆಕ್ಕಿ 2015ರಲ್ಲಿ, ಮತ್ತೆ 2019ರಲ್ಲಿ ಫಲಿತಾಂಶ ಕೊಟ್ಟರು. ಲಾವಾದ ಬಹುಪಾಲು ಹತ್ತು ಲಕ್ಷ ವರ್ಷದೊಳಗೇ ಬಂದಿದೆ. ಬರ್ಕ್ಲಿಯ ತಂಡ ಅದೇ 2019ರಲ್ಲಿ ಲಾವಾದ ಹರಳುಗಳನ್ನೇ ಆರ್ಗಾನ್ ವಿಧಾನದಲ್ಲಿ ಅಳೆಯಿತು. ಡೈನೋಸಾರ್‌ಗಳು ಅಳಿದ ಗಡಿಗಿಂತ ಮೊದಲು ಎಷ್ಟು ಲಾವಾ, ಆಮೇಲೆ ಎಷ್ಟು ಎಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇದೆ. ಗಡಿಯಾದ ಮೇಲೆಯೇ ಮುಕ್ಕಾಲು ಪಾಲು ಬಂತು ಎಂದು ಬರ್ಕ್ಲಿಯವರು. ಗಡಿಗೆ ಸ್ವಲ್ಪ ಮೊದಲು ಒಂದು ದೊಡ್ಡ ಅಲೆ ಬಂದಿತ್ತು ಎಂದು ಪ್ರಿನ್ಸ್‌ಟನ್‌ನವರು. ಮೆಕ್ಸಿಕೋದಲ್ಲಿ ಬಿದ್ದ ಉಲ್ಕೆ ಡೈನೋಸಾರ್‌ಗಳನ್ನು ಕೊಂದಿತೋ, ನಮ್ಮ ಲಾವಾದ ಹೊಗೆಯೂ ಕೈ ಜೋಡಿಸಿತೋ ಎಂಬ ಜಗಳ ಈ ಲೆಕ್ಕದ ಮೇಲೆ ನಿಂತಿದೆ. ನನ್ನ ಮಟ್ಟಿಗೆ ಉಲ್ಕೆಯೇ ಮುಖ್ಯ ಅಪರಾಧಿ. ಆದರೆ ಲಾವಾಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ.

ಬೋರ್‌ಗಾಡಿ
ಗೇರಿಗೆ ಇಷ್ಟು ಬೆಲೆ ಅಂತ ಗೊತ್ತಿದ್ದರೆ ನಾವು ಅದಕ್ಕೂ ಫೂಟಿನ ರೇಟು ಜಾಸ್ತಿ ಮಾಡುತ್ತಿದ್ದೆವು 😄

ಅಕ್ಕಲಕೋಟ_ಕಾಕಾ
ಎಲ್ಲ ಓದಿದೆ. ತಿಳಿದವರು ತಾಳ್ಮೆಯಿಂದ ಹೇಳುತ್ತಿದ್ದೀರಿ, ಸಂತೋಷ. ನನ್ನ ಪ್ರಶ್ನೆ ಬೇರೆ. ನಾವು ಚಿಕ್ಕವರಿದ್ದಾಗ ಹಿರಿಯರು ‘ನಮ್ಮದು ಕರಿಗಲ್ಲಿನ ನೆಲ, ಭೂಕಂಪಕ್ಕೆ ಜಗ್ಗುವುದಿಲ್ಲ’ ಎನ್ನುತ್ತಿದ್ದರು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿಯ ಭೂಕಂಪ ಆಯಿತು. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ಮಲಗಿದ್ದರು. ನಮ್ಮಲ್ಲೂ ಪಾತ್ರೆ ಬಿದ್ದವು, ಎಲ್ಲರೂ ಅಂಗಳಕ್ಕೆ ಓಡಿದೆವು. ಇಷ್ಟು ದಪ್ಪ ಲಾವಾ ಇದ್ದರೂ ನೆಲ ಯಾಕೆ ನಡುಗಿತು?

ಕಲ್ಲುಪಾಠ
ಕಾಕಾ, ಆ ನಂಬಿಕೆ ಆಗ ವಿಜ್ಞಾನದವರಲ್ಲೂ ಬಹಳ ಮಟ್ಟಿಗೆ ಇತ್ತು. ಖಂಡದ ಒಳಗಿನ ಹಳೇ ಗಟ್ಟಿ ನೆಲ, ಇಲ್ಲಿ ದೊಡ್ಡದು ಆಗದು ಅಂತ. ಕಿಲ್ಲಾರಿಯ ತೀವ್ರತೆ 6.2ರ ಹತ್ತಿರ. ಸತ್ತವರು ಹತ್ತು ಸಾವಿರದ ಹತ್ತಿರ.

ಭಾರತ ಏಷ್ಯಾಕ್ಕೆ ಗುದ್ದಿ 5 ಕೋಟಿ ವರ್ಷವಾಯಿತು. ಆದರೂ ತಳ್ಳುವುದು ನಿಂತಿಲ್ಲ, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಲೇ ಇದೆ. ಆ ಒತ್ತಡ ಹಿಮಾಲಯದಲ್ಲಷ್ಟೇ ಅಲ್ಲ, ಫಲಕದ ಒಳಗೂ ಕೂಡುತ್ತದೆ. ತಳದ ಹಳೇ ಕಲ್ಲಿನಲ್ಲಿ ಎಲ್ಲಿ ಹಳೇ ಬಿರುಕು ಇದೆಯೋ ಅಲ್ಲಿ ಒಮ್ಮೆ ಬಿಟ್ಟುಕೊಡುತ್ತದೆ. ನಮ್ಮ ಕಡೆ ತೊಂದರೆ ಏನೆಂದರೆ ಆ ಬಿರುಕುಗಳನ್ನೆಲ್ಲ ಲಾವಾ ಮುಚ್ಚಿಟ್ಟಿದೆ. ಕಂಪ ಹುಟ್ಟುವುದು ಲಾವಾದಲ್ಲಿ ಅಲ್ಲ, ಅದರ ಅಡಿಯ ಕಲ್ಲಿನಲ್ಲಿ.

ಭೂಕಂಪದ ನಂತರ ಕಿಲ್ಲಾರಿಯಲ್ಲಿ ಅಧ್ಯಯನಕ್ಕೆಂದು 617 ಮೀಟರ್ ಬೋರ್ ಕೊರೆದರು. ಮೊದಲ 338 ಮೀಟರ್ ಲಾವಾ. ಅದರ ಕೆಳಗೆ 8 ಮೀಟರ್ ಕಣಶಿಲೆ. ಲಾವಾ ಬರುವ ಮೊದಲು ಕೂತದ್ದು. ಅದರ ಕೆಳಗೆ ಸೀದಾ ಪುರಾತನ ನೈಸ್. ನೋಡಿ, ಇಡೀ ಚರ್ಚೆ ಆ ಒಂದು ಕೊಳವೆಯಲ್ಲಿದೆ. ಪಶ್ಚಿಮ ಘಟ್ಟದ ಕೊಯ್ನಾ ಡ್ಯಾಮಿನ ಕಡೆಯೂ ಕೊರೆದರು. ಅಲ್ಲಿ ಮೊದಲ ಬೋರಿನಲ್ಲಿ ಸುಮಾರು 930 ಮೀಟರ್ ಲಾವಾ ದಾಟಬೇಕಾಯಿತು. ದಾಟಿದರೆ ನೇರ ಗ್ರಾನೈಟ್ ಜಾತಿಯ ಕಲ್ಲು, ನಡುವೆ ಕಣಶಿಲೆ ಇಲ್ಲವೇ ಇಲ್ಲ. ಪಶ್ಚಿಮಕ್ಕೆ ಹೋದಷ್ಟೂ ಲಾವಾ ದಪ್ಪ, ಪೂರ್ವಕ್ಕೆ ಬಂದಷ್ಟೂ ತೆಳು, ಕಲಬುರಗಿ ದಾಟಿದರೆ ಮುಗಿದೇ ಹೋಯಿತು.

ಅಕ್ಕಲಕೋಟ_ಕಾಕಾ
ಕೊಯ್ನಾದ ಭೂಕಂಪ ಡ್ಯಾಮಿನಿಂದ ಆದದ್ದು ಅಂತಾರಲ್ಲ?

ಕಲ್ಲುಪಾಠ
ಹೌದು. 1962ರಿಂದ ಜಲಾಶಯ ತುಂಬಿತು, 1967ರ ಡಿಸೆಂಬರ್ 11ರಂದು 6.3ರ ಕಂಪ ಬಂತು. ಇವತ್ತೂ ಆ ಸಣ್ಣ ವಲಯದಲ್ಲೇ ನಡುಕ ಬರುತ್ತಿರುತ್ತದೆ. ನೀರಿನ ತೂಕ ಮತ್ತು ಆಳಕ್ಕೆ ಇಳಿದ ನೀರಿನ ಒತ್ತಡ ಮೊದಲೇ ಬಿಗಿದುಕೊಂಡಿದ್ದ ಬಿರುಕನ್ನು ಸಡಿಲಿಸಿದವು. ಆದರೆ ಬಿಗಿತ ಹುಟ್ಟಿಸಿದ್ದು ಡ್ಯಾಮ್ ಅಲ್ಲ. ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತದ್ದಕ್ಕೆ ಮುಖ್ಯ ಕಾರಣ ಮನೆಗಳು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕರಿಗಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ನಮ್ಮ ಹಳ್ಳಿಗಳಲ್ಲಿ ಅಂಥ ಮನೆ ಇನ್ನೂ ಬೇಕಾದಷ್ಟಿವೆ. ನನ್ನನ್ನು ಕೇಳಿದರೆ ಡೈನೋಸಾರ್‌ಗಿಂತ ಇದರ ಬಗ್ಗೆ ಜಾಸ್ತಿ ಮಾತಾಡಬೇಕು.

ಶಹಾಬಾದಿ_ಫರಸಿ
ಅಕ್ಕಾ, ಕಿಲ್ಲಾರಿಯ ಆ 8 ಮೀಟರ್ ಕಲ್ಲು ನಮ್ಮ ಫರಸಿಯದೇ ಮುಂದುವರಿಕೆಯಾ?

ಕಲ್ಲುಪಾಠ
ಹಾಗೆ ಹೇಳಲು ಬರುವುದಿಲ್ಲ. ಭೀಮಾದ ಕಲ್ಲು ಬಹಳ ಹಳೆಯದು, ಅದರ ನಂತರವೂ ಲಾವಾಕ್ಕೆ ಮೊದಲು ಅಲ್ಲಲ್ಲಿ ಹೊಳೆ ಕೆರೆಗಳ ಪದರ ಕೂತಿವೆ. ಜಬಲಪುರದಲ್ಲಿ ಡೈನೋಸಾರ್ ಎಲುಬು ಸಿಕ್ಕ ಲಮೇಟಾ ಪದರ ಅಂಥದ್ದೇ. ವಿಲಿಯಂ ಸ್ಲೀಮನ್ 1828ರಲ್ಲಿ ಅಲ್ಲಿ ಎಲುಬು ಎತ್ತಿದ್ದು. ಲಾವಾದ ಅಡಿಯಲ್ಲಿ ಇದೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಕಾಲದ್ದಲ್ಲ.

ಸುಮ್ನೆ_ಕೇಳ್ತೀನಿ
ಕೊನೇ ಪ್ರಶ್ನೆ. ಅಡಿಯಲ್ಲಿ ಕಣಶಿಲೆ ಇದ್ದರೆ ಎಣ್ಣೆ, ಗ್ಯಾಸ್ ಇರಬಹುದಲ್ಲ? ಜತ್ತ ದುಬೈ ಆಗಲಿ.

ಕಲ್ಲುಪಾಠ
ಗುಜರಾತಿನ ಸೌರಾಷ್ಟ್ರ, ಕಛ್ ಕಡೆ ಲಾವಾದ ಅಡಿಯಲ್ಲಿ ಎಣ್ಣೆ ಹುಡುಕಾಟ ನಡೆದಿದೆ. ಅಲ್ಲಿ ಅಡಿಗಿರುವುದು ಡೈನೋಸಾರ್ ಕಾಲದ ದಪ್ಪ ಸಮುದ್ರ ಪದರಗಳು. ನೋಡುವುದೇ ಕಷ್ಟ, ಒಳಗೇನಿದೆ ಎಂದು ತಿಳಿಯಲು ನೆಲದೊಳಗೆ ಕಳಿಸುವ ಕಂಪನದ ಅಲೆಗಳನ್ನು ಬಸಾಲ್ಟ್ ಪದರಗಳು ಚದುರಿಸುತ್ತವೆ, ಕೆಳಗಿನ ಚಿತ್ರ ಮಸುಕಾಗುತ್ತದೆ. ನಮ್ಮ ಕೆಳಗೆ ಇದ್ದರೂ ಚಿಪ್ಪು ಹುಟ್ಟುವ ಮೊದಲಿನ ಸುಣ್ಣ, ಮರಳು. ದುಬೈ ಆಸೆ ಬಿಡಿ, ಬಾವಿಗೆ ನೀರು ಬಂದರೆ ಸಾಕು.

ಉಮದಿ_ಎರಿಹೊಲ
ಇವತ್ತು ಇಳಿದು ನೋಡಿದೆ ಮೇಡಂ. ಮೇಲಂಚು ಚೂಪು, ಕೆಳಗೆ ಕೆಂಪು ನಿಧಾನಕ್ಕೆ ಕಂದಾಗಿ ಕಲ್ಲಿನಲ್ಲಿ ಬೆರೆಯುತ್ತದೆ. ನೀವು ಹೇಳಿದ ಹಾಗೇ ಇದೆ. ತೂತು ಕಲ್ಲಿನ ಒಂದು ಸಂದಿಯಿಂದ ಸ್ವಲ್ಪ ನೀರು ಜಿನುಗುತ್ತಿದೆ, ಇನ್ನೂ ಇಳಿಸುತ್ತೇವೆ. ಗೇರಿನ ಭಾಗಕ್ಕೆ ಕಲ್ಲು ಕಟ್ಟಲು ಗೌಂಡಿಗೆ ಹೇಳಿದ್ದೇವೆ. ಒಂದು ಅನುಮಾನ, ಕೆಲವು ತೂತಿನ ಒಳಗೋಡೆಗೆ ಹಸಿರು ಬಣ್ಣ ಮೆತ್ತಿದ ಹಾಗಿದೆ. ತಾಮ್ರ ಇರಬಹುದು ಅಂತ ಕೆಲಸದವರು ಗುಸುಗುಸು ಮಾಡುತ್ತಿದ್ದಾರೆ.

ಬೋರ್‌ಗಾಡಿ
ಬೋರಿನ ಪುಡಿಯಲ್ಲೂ ಆ ಹಸಿರು ಬರುತ್ತದೆ. ತಾಮ್ರವಾಗಿದ್ದರೆ ನಾನು ಇಷ್ಟೊತ್ತಿಗೆ ಗಾಡಿ ಮಾರಿ ಸಾಹುಕಾರ ಆಗಿರಬೇಕಿತ್ತು.

ಕಲ್ಲುಪಾಠ
ತಾಮ್ರ ಅಲ್ಲ. ಬಹುಶಃ ಸೆಲಡೊನೈಟ್, ಅಭ್ರಕದ ಜಾತಿಯ ಮೆತ್ತನೆಯ ಖನಿಜ. ಕಬ್ಬಿಣದ ಅಂಶದಿಂದ ಹಸಿರು ಬರುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ನೋಡಿ. ಒಮ್ಮೊಮ್ಮೆ ಲಾವಾಗಳ ನಡುವಿನ ಬೋಲ್ ಪದರವೇ ಹಸಿರಾಗಿರುವುದೂ ಉಂಟು. ಕಟ್ಟಡ ಶುರುವಾಗುವ ಮೊದಲು ಪದರದ ಎರಡೂ ಅಂಚು ಕಾಣುವ ಹಾಗೆ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ಇಲ್ಲಿ ಹಾಕಿ. ಗೇರಿನ ಮೇಲ್ಭಾಗ, ನಡು, ಕೆಳಭಾಗದಿಂದ ಒಂದೊಂದು ಹಿಡಿ ಬೇರೆ ಬೇರೆ ಚೀಲದಲ್ಲಿ ತೆಗೆದಿಡಿ, ಮೇಲೆ ಆಳ ಬರೆದು. ನಮ್ಮ ಹುಡುಗರಿಗೆ ತೋರಿಸಲು ಬೇಕು.